ಸೆಂಟಿನೆಲ್ ಗ್ರಂಥಿಯಲ್ಲಿ ಕ್ಯಾನ್ಸರ್ ಸಿಕ್ಕಿದೆ. ಕಂಕುಳಿನ ಉಳಿದ ಗ್ರಂಥಿಗಳನ್ನು ಬಿಟ್ಟರೆ ರೋಗ ಮರುಕಳಿಸುತ್ತದೆಯೇ?

ಪ್ರಶ್ನೆ – ಮಲೆನಾಡಿನ ಮಗಳು

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಯ ವಯಸ್ಸು 58. ಅವರ ಬಲ ಸ್ತನದಲ್ಲಿ, ಕಂಕುಳಿಗೆ ಹತ್ತಿರವಾಗಿ, 2.2 ಸೆಂಟಿಮೀಟರ್ ಗಾತ್ರದ ಗಂಟು ಕಾಣಿಸಿಕೊಂಡು, ಬಯಾಪ್ಸಿಯಲ್ಲಿ ಅದು ಕ್ಯಾನ್ಸರ್ ಎಂದು ಖಚಿತವಾಯಿತು. ಶಸ್ತ್ರಚಿಕಿತ್ಸೆಗೆ ಮುನ್ನ ಮಾಡಿಸಿದ ಅಲ್ಟ್ರಾಸೌಂಡಿನಲ್ಲಿ ಕಂಕುಳಿನ ಗ್ರಂಥಿಗಳು ಸಹಜವಾಗಿಯೇ ಕಂಡಿದ್ದವು. ವೈದ್ಯರು ಕೈಯಿಂದ ಒತ್ತಿ ನೋಡಿದಾಗಲೂ ಏನೂ ಸಿಕ್ಕಿರಲಿಲ್ಲ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಸ್ತನವನ್ನು ಉಳಿಸಿಕೊಂಡು ಗಂಟನ್ನಷ್ಟೇ ತೆಗೆದರು. ಜೊತೆಗೆ ನೀಲಿ ದ್ರಾವಣವನ್ನು ಚುಚ್ಚಿ, ಅದು ಮೊದಲು ತಲುಪಿದ ಮೂರು ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್, ಹೀಗೆ ಮೊದಲು ಸಿಗುವವನ್ನೇ ಸೆಂಟಿನೆಲ್ ಗ್ರಂಥಿ ಎನ್ನುತ್ತಾರಂತೆ) ಹುಡುಕಿ ತೆಗೆದು ಪರೀಕ್ಷೆಗೆ ಕಳುಹಿಸಿದರು. ಮರುದಿನ ಅಮ್ಮನ ಮೂತ್ರ ನೀಲಿ ಹಸಿರಾಗಿ ಹೋದದ್ದನ್ನು ಕಂಡು ನಾವು ಗಾಬರಿಯಾದಾಗ, ಅದು ಆ ಬಣ್ಣವೇ ಹೊರಬರುತ್ತಿರುವುದು ಎಂದು ನರ್ಸ್ ಸಮಾಧಾನ ಹೇಳಿದರು.

ಈಗ ಪೆಥಾಲಜಿ ವರದಿ ಬಂದಿದೆ. ಮೂರು ಗ್ರಂಥಿಗಳ ಪೈಕಿ ಒಂದರಲ್ಲಿ 5 ಮಿಲಿಮೀಟರ್‌ನಷ್ಟು ಕ್ಯಾನ್ಸರ್ ಇದೆ. ಗೆಡ್ಡೆ ಎರಡನೆಯ ಗ್ರೇಡಿನದು, ಹಾರ್ಮೋನ್ ರಿಸೆಪ್ಟರ್ ಪಾಸಿಟಿವ್ (ಹಾರ್ಮೋನಿನ ಪ್ರಭಾವದಿಂದ ಬೆಳೆಯುವಂಥದ್ದು), ಹರ್2 ಎಂಬ ಪ್ರೋಟೀನಿಗೆ ನೆಗೆಟಿವ್. ಕಂಕುಳಿಗೆ ಇನ್ನೊಂದು ಶಸ್ತ್ರಚಿಕಿತ್ಸೆ ಬೇಡ, ವಿಕಿರಣ ಚಿಕಿತ್ಸೆ ಮತ್ತು ಹಾರ್ಮೋನ್ ಮಾತ್ರೆ ಕಡ್ಡಾಯ, ಕೀಮೊಥೆರಪಿಯ ವಿಷಯವನ್ನು ಮುಂದಿನ ಭೇಟಿಯಲ್ಲಿ ತೀರ್ಮಾನಿಸೋಣ ಎಂದು ಶಸ್ತ್ರಚಿಕಿತ್ಸಕರು ಹೇಳಿದ್ದಾರೆ.

ನಮ್ಮ ಮನೆಯಲ್ಲಿ ಇದನ್ನು ಯಾರೂ ಒಪ್ಪುತ್ತಿಲ್ಲ. ಬೇರು ಸಮೇತ ಕಿತ್ತು ಹಾಕದಿದ್ದರೆ ಮತ್ತೆ ಚಿಗುರುತ್ತದೆ ಎಂಬುದು ಸೋದರಮಾವನ ವಾದ. ನಮ್ಮ ಊರಿನಲ್ಲೇ ಇಪ್ಪತ್ತು ವರ್ಷಗಳ ಹಿಂದೆ ಇದೇ ಕಾಯಿಲೆಗೆ ಚಿಕಿತ್ಸೆ ಪಡೆದ ಒಬ್ಬರಿಗೆ ಕಂಕುಳನ್ನು ಪೂರ್ತಿ ಸ್ವಚ್ಛ ಮಾಡಿದ್ದರು, ಅವರು ಇಂದಿಗೂ ಚೆನ್ನಾಗಿದ್ದಾರೆ ಎಂಬ ಉದಾಹರಣೆಯನ್ನೂ ಕೊಡುತ್ತಾರೆ. ಒಂದು ಗ್ರಂಥಿಯಲ್ಲಿ ರೋಗವಿದೆ ಎಂದು ಗೊತ್ತಾದ ಮೇಲೂ ಉಳಿದವನ್ನು ಬಿಡುವುದು ಸರಿಯೇ? ಉಳಿದ ಗ್ರಂಥಿಗಳಲ್ಲಿ ಕ್ಯಾನ್ಸರ್ ಇದ್ದು, ಅದು ಅಲ್ಲಿಂದ ಬೇರೆಡೆಗೆ ಹರಡಿದರೆ ಏನು ಗತಿ? ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ – ಕ್ಯಾನ್ಸರ್ ಶಸ್ತ್ರಚಿಕಿತ್ಸಕ, ಹುಬ್ಬಳ್ಳಿ

ನಿಮ್ಮ ತಾಯಿಯನ್ನು ನಾನು ಪರೀಕ್ಷಿಸಿಲ್ಲವಾದ್ದರಿಂದ ಅವರ ಚಿಕಿತ್ಸೆಯ ಅಂತಿಮ ನಿರ್ಧಾರ ಅವರ ವೈದ್ಯರದ್ದೇ ಆಗಿರಬೇಕು. ಆದರೆ ನೀವು ಬರೆದಿರುವ ವಿವರಗಳನ್ನು ನೋಡಿದರೆ, ನಿಮಗೆ ಸಿಕ್ಕಿರುವ ಸಲಹೆ ಇಂದು ಜಗತ್ತಿನ ಬಹುಪಾಲು ಕಡೆ ಅನುಸರಿಸುತ್ತಿರುವ ಕ್ರಮಕ್ಕೆ ಸರಿಯಾಗಿ ಹೊಂದುತ್ತದೆ. ಅದು ಉದಾಸೀನವೂ ಅಲ್ಲ, ಖರ್ಚು ಉಳಿಸುವ ಉಪಾಯವೂ ಅಲ್ಲ. ಅದರ ಹಿಂದೆ ಸಾವಿರಾರು ಮಹಿಳೆಯರು ಪಾಲ್ಗೊಂಡ, ಹಲವು ದಶಕಗಳ ಅಧ್ಯಯನವಿದೆ.

ನಿಮ್ಮ ಮಾವನ ಮಾತು ಒಂದು ಕಾಲದಲ್ಲಿ ವೈದ್ಯಶಾಸ್ತ್ರದ್ದೇ ಮಾತಾಗಿತ್ತು. ಅಮೆರಿಕದ ಬಾಲ್ಟಿಮೋರ್‌ನಲ್ಲಿದ್ದ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಸ್ತನ, ಅದರ ಕೆಳಗಿನ ಎದೆಯ ಸ್ನಾಯು, ಕಂಕುಳಿನ ಎಲ್ಲ ಗ್ರಂಥಿಗಳು ಒಟ್ಟಿಗೇ ಹೋಗುತ್ತಿದ್ದವು. ಕ್ಯಾನ್ಸರ್ ಸ್ತನದಿಂದ ಗ್ರಂಥಿಗೆ, ಗ್ರಂಥಿಯಿಂದ ದೇಹಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹರಡುತ್ತದೆ, ಆದ್ದರಿಂದ ಕಂಕುಳಿನಲ್ಲೇ ಅದನ್ನು ತಡೆಯಬೇಕು ಎಂಬುದು ಅದರ ಆಧಾರ. ಈ ನಂಬಿಕೆಯನ್ನು ನಿಜವಾಗಿ ಪರೀಕ್ಷೆಗೆ ಒಡ್ಡಿದವರು ಪಿಟ್ಸ್‌ಬರ್ಗಿನ ಬರ್ನಾರ್ಡ್ ಫಿಶರ್. 1971ರಲ್ಲಿ ಆರಂಭವಾದ ಎನ್‌ಎಸ್‌ಎಬಿಪಿ ಬಿ-04 ಎಂಬ ಅಧ್ಯಯನದಲ್ಲಿ, ಕಂಕುಳಿನಲ್ಲಿ ಗಂಟು ಕೈಗೆ ಸಿಗದ ಮಹಿಳೆಯರನ್ನು ಮೂರು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಗ್ರಂಥಿಗಳನ್ನೆಲ್ಲ ತೆಗೆದರು, ಇನ್ನೊಂದಕ್ಕೆ ಸ್ತನವನ್ನು ತೆಗೆದು ಕಂಕುಳಿಗೆ ವಿಕಿರಣ ಕೊಟ್ಟರು, ಮೂರನೆಯದಕ್ಕೆ ಸ್ತನವನ್ನು ಮಾತ್ರ ತೆಗೆದು ಕಂಕುಳನ್ನು ಹಾಗೆಯೇ ಬಿಟ್ಟರು.

ಇದರ ಫಲಿತಾಂಶವನ್ನು ನಿಮ್ಮ ಮನೆಯವರಿಗೆ ನಿಧಾನವಾಗಿ ವಿವರಿಸಿ ಎಂದು ಕೇಳಿಕೊಳ್ಳುತ್ತೇನೆ. ಗ್ರಂಥಿಗಳನ್ನು ತೆಗೆದವರಲ್ಲಿ ಸುಮಾರು 40 ಶೇಕಡಾ ಮಂದಿಯ ಗ್ರಂಥಿಗಳಲ್ಲಿ ಕ್ಯಾನ್ಸರ್ ಇತ್ತು. ಗುಂಪುಗಳನ್ನು ಚೀಟಿ ಎತ್ತಿದಂತೆ ಹಂಚಿದ್ದರಿಂದ, ಕಂಕುಳನ್ನು ಮುಟ್ಟದೆ ಬಿಟ್ಟವರಲ್ಲೂ ಹೆಚ್ಚುಕಡಿಮೆ ಅಷ್ಟೇ ಮಂದಿಗೆ ರೋಗ ಒಳಗೆ ಉಳಿದಿರಲೇಬೇಕು. ಆದರೆ ಅವರಲ್ಲಿ ಮುಂದೆ ಕಂಕುಳಿನಲ್ಲಿ ಗಂಟು ಕಾಣಿಸಿಕೊಂಡು ಶಸ್ತ್ರಚಿಕಿತ್ಸೆ ಬೇಕಾದದ್ದು ಸುಮಾರು 18.5 ಶೇಕಡಾ ಮಂದಿಗೆ ಮಾತ್ರ. 25 ವರ್ಷಗಳ ನಂತರ, 2002ರಲ್ಲಿ, ಲೆಕ್ಕ ಹಾಕಿದಾಗಲೂ ಮೂರು ಗುಂಪುಗಳ ಬದುಕುಳಿಯುವಿಕೆಯಲ್ಲಿ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಇಂದಿನಂಥ ಔಷಧಗಳು ಯಾವುದೂ ಇಲ್ಲದ ಕಾಲದ ಫಲಿತಾಂಶ ಇದು. ರೋಗ ದೇಹಕ್ಕೆ ಹರಡುವುದಿದ್ದರೆ ರಕ್ತದ ಮೂಲಕ ಆ ಮೊದಲೇ ಹೊರಟಿರುತ್ತದೆ. ಗ್ರಂಥಿಯಲ್ಲಿ ಸಿಕ್ಕ ಕ್ಯಾನ್ಸರ್ ಆ ಗೆಡ್ಡೆಯ ಸ್ವಭಾವದ ಬಗ್ಗೆ ನಮಗೆ ಸುಳಿವು ಕೊಡುತ್ತದೆ. ರೋಗದ ಮುಂದಿನ ಹರಡುವಿಕೆಗೆಲ್ಲ ಆ ಗ್ರಂಥಿಯೇ ಮೂಲವೆಂದು ತಿಳಿಯಬೇಕಿಲ್ಲ.

ಇನ್ನು ನಿಮ್ಮ ತಾಯಿಯಂಥವರ ವಿಷಯಕ್ಕೇ ಬರೋಣ. ಸ್ತನ ಉಳಿಸುವ ಶಸ್ತ್ರಚಿಕಿತ್ಸೆಯಾಗಿ, ಗೆಡ್ಡೆ 5 ಸೆಂಟಿಮೀಟರ್ ಒಳಗಿದ್ದು, ಒಂದೆರಡು ಸೆಂಟಿನೆಲ್ ಗ್ರಂಥಿಗಳಲ್ಲಿ ಕ್ಯಾನ್ಸರ್ ಸಿಕ್ಕವರನ್ನೇ ಆರಿಸಿ ಮಾಡಿದ ಅಧ್ಯಯನ ಜ಼ೆಡ್-0011. ಅದನ್ನು ನಡೆಸಿದವರು ಅರ್ಮಾಂಡೊ ಜೂಲಿಯಾನೊ ಮತ್ತು ಸಂಗಡಿಗರು. ಅರ್ಧದಷ್ಟು ಜನರಿಗೆ ಉಳಿದ ಗ್ರಂಥಿಗಳನ್ನೂ ತೆಗೆದರು, ಇನ್ನರ್ಧಕ್ಕೆ ಅಲ್ಲಿಗೇ ನಿಲ್ಲಿಸಿದರು. ಎಲ್ಲರಿಗೂ ಇಡೀ ಸ್ತನಕ್ಕೆ ವಿಕಿರಣವೆಂದು ನಿಗದಿಯಾಗಿತ್ತು, ಬಹುತೇಕರಿಗೆ ಔಷಧ ಚಿಕಿತ್ಸೆಯೂ ದೊರೆಯಿತು. ಪೂರ್ತಿ ತೆಗೆದವರಲ್ಲಿ 27 ಶೇಕಡಾ ಮಂದಿಯ ಉಳಿದ ಗ್ರಂಥಿಗಳಲ್ಲೂ ಕ್ಯಾನ್ಸರ್ ಸಿಕ್ಕಿತು. ಎಂದರೆ ತೆಗೆಯದೆ ಬಿಟ್ಟವರಲ್ಲೂ ಸುಮಾರು ನಾಲ್ಕರಲ್ಲಿ ಒಬ್ಬರ ಕಂಕುಳಿನಲ್ಲಿ ರೋಗ ಉಳಿದಿತ್ತು. ಹತ್ತು ವರ್ಷಗಳ ಕೊನೆಗೆ ಆ ಭಾಗದ ಗ್ರಂಥಿಗಳಲ್ಲಿ ಮರುಕಳಿಸಿದ ಪ್ರಮಾಣ ಬಿಟ್ಟವರಲ್ಲಿ 1.5 ಶೇಕಡಾ, ತೆಗೆದವರಲ್ಲಿ 0.5 ಶೇಕಡಾ. ಬದುಕಿದ್ದವರು ಬಿಟ್ಟವರಲ್ಲಿ 86.3, ತೆಗೆದವರಲ್ಲಿ 83.6 ಶೇಕಡಾ. ಹೆಚ್ಚು ಗ್ರಂಥಿಗಳನ್ನು ತೆಗೆದದ್ದರಿಂದ ಯಾರ ಆಯುಷ್ಯವೂ ಹೆಚ್ಚಲಿಲ್ಲ.

ಈ ಅಧ್ಯಯನದ ಮೇಲೆ ಟೀಕೆಗಳಿದ್ದವು ಎಂಬುದನ್ನೂ ಹೇಳಬೇಕು. ಸುಮಾರು 1900 ಮಂದಿಯನ್ನು ಸೇರಿಸಿಕೊಳ್ಳುವ ಉದ್ದೇಶವಿದ್ದರೂ ಸೇರಿದ್ದು 891 ಮಂದಿ. ಪೂರ್ತಿ ಸ್ತನ ತೆಗೆದವರು ಅದರಲ್ಲಿ ಇರಲಿಲ್ಲ. ಆ ಕೊರತೆಯನ್ನು 2024ರಲ್ಲಿ ಪ್ರಕಟವಾದ ಸೆನೊಮ್ಯಾಕ್ ಅಧ್ಯಯನ ಬಹುಮಟ್ಟಿಗೆ ತುಂಬಿತು. ಸ್ವೀಡನ್ ನೇತೃತ್ವದ, ಐದು ದೇಶಗಳ ಸುಮಾರು 2500 ಮಂದಿಯ ಆ ಅಧ್ಯಯನದಲ್ಲಿ ಐದು ವರ್ಷಗಳವರೆಗೆ ರೋಗ ಮರುಕಳಿಸದೆ ಇದ್ದವರು ಗ್ರಂಥಿಗಳನ್ನು ಬಿಟ್ಟ ಗುಂಪಿನಲ್ಲಿ 89.7 ಶೇಕಡಾ, ತೆಗೆದ ಗುಂಪಿನಲ್ಲಿ 88.7 ಶೇಕಡಾ.

ನಿಮ್ಮ ಊರಿನ ಆ ಮಹಿಳೆ ಇಂದಿಗೂ ಚೆನ್ನಾಗಿರುವುದು ಸಂತೋಷದ ವಿಷಯ. ಆದರೆ ಅವರು ಚೆನ್ನಾಗಿರುವುದಕ್ಕೆ ಕಂಕುಳನ್ನು ಸ್ವಚ್ಛ ಮಾಡಿದ್ದೇ ಕಾರಣವೆಂದು ಒಬ್ಬರ ಅನುಭವದಿಂದ ತೀರ್ಮಾನಿಸಲು ಸಾಧ್ಯವಿಲ್ಲ.

ಈ ಮಾತು ಎಲ್ಲರಿಗೂ ಅನ್ವಯಿಸುವುದಿಲ್ಲ. ಮೂರು ಅಥವಾ ಹೆಚ್ಚು ಸೆಂಟಿನೆಲ್ ಗ್ರಂಥಿಗಳಲ್ಲಿ ರೋಗ ಸಿಕ್ಕರೆ, ಗ್ರಂಥಿಗಳು ದಪ್ಪವಾಗಿ ಒಂದಕ್ಕೊಂದು ಅಂಟಿಕೊಂಡು ಕೈಗೆ ಸಿಗುತ್ತಿದ್ದರೆ, ಅಥವಾ ಮೊದಲೇ ಕೀಮೊಥೆರಪಿ ಕೊಟ್ಟ ಮೇಲೂ ಗ್ರಂಥಿಯಲ್ಲಿ ಕ್ಯಾನ್ಸರ್ ಉಳಿದಿದ್ದರೆ ಲೆಕ್ಕವೇ ಬೇರೆ. ನಮ್ಮ ಕಡೆ ಬಹಳಷ್ಟು ಮಹಿಳೆಯರು ಗಂಟು ದೊಡ್ಡದಾದ ಮೇಲೆಯೇ ಆಸ್ಪತ್ರೆಗೆ ಬರುವುದರಿಂದ, ಕಂಕುಳಿನ ಪೂರ್ಣ ಶಸ್ತ್ರಚಿಕಿತ್ಸೆಯನ್ನು ನಾನು ಈಗಲೂ ಮೇಲಿಂದ ಮೇಲೆ ಮಾಡುತ್ತಿರುತ್ತೇನೆ. ಬೇಕಾದವರಿಗೆ ಅದು ಬೇಕೇ ಬೇಕು. ನಿಮ್ಮ ತಾಯಿ ಬೇಗ ಬಂದಿದ್ದಾರೆ, ಆ ಲಾಭವನ್ನು ಅನಗತ್ಯ ಶಸ್ತ್ರಚಿಕಿತ್ಸೆಯಿಂದ ಕಳೆದುಕೊಳ್ಳಬೇಡಿ.

ಉತ್ತರ – ಮೈಸೂರಿನ ಹಿರಿಯ ಸದಸ್ಯೆ

ವೈದ್ಯರು ಹೇಳಿದ ಮಾತಿಗೆ ನನ್ನ ಅನುಭವವನ್ನು ಸೇರಿಸುತ್ತೇನೆ. ನನಗೆ ಶಸ್ತ್ರಚಿಕಿತ್ಸೆಯಾದದ್ದು 2009ರಲ್ಲಿ. ಆಗ ಕಂಕುಳಿನಿಂದ 17 ಗ್ರಂಥಿಗಳನ್ನು ತೆಗೆದರು, ಎರಡರಲ್ಲಿ ಮಾತ್ರ ರೋಗವಿತ್ತು. ಅಂದಿನ ಪದ್ಧತಿ ಅದೇ ಆಗಿದ್ದರಿಂದ ಯಾರನ್ನೂ ದೂರುವುದಿಲ್ಲ. ಆದರೆ ನಿಮ್ಮ ಮನೆಯವರು ಈ ಶಸ್ತ್ರಚಿಕಿತ್ಸೆಯನ್ನು ಖರ್ಚಿಲ್ಲದ ಭದ್ರತೆ ಎಂದು ಭಾವಿಸಿರುವಂತೆ ಕಾಣುತ್ತದೆ. ಅದಕ್ಕೆ ತೆರುವ ಬೆಲೆಯನ್ನು ಅವರು ತಿಳಿದಿರಬೇಕು.

ತೋಳಿನ ಒಳಭಾಗ ನನಗೆ ಇಂದಿಗೂ ಜೋಮು ಹಿಡಿದಂತೆಯೇ ಇದೆ. ಆ ಭಾಗಕ್ಕೆ ಸ್ಪರ್ಶಜ್ಞಾನ ಕೊಡುವ ನರ ಗ್ರಂಥಿಗಳ ನಡುವೆಯೇ ಹಾದುಹೋಗುತ್ತದೆಯಂತೆ. ಅದಕ್ಕೆ ಹೊಂದಿಕೊಂಡೆ. ಹೊಂದಿಕೊಳ್ಳಲು ಕಷ್ಟವಾದದ್ದು, ಗ್ರಂಥಿಗಳು ಹೋದ ಮೇಲೆ ದುಗ್ಧರಸ ಸರಿಯಾಗಿ ಹರಿಯದೆ ಬರುವ ಕೈಯ ಬಾವು. ಎರಡು ವರ್ಷಗಳ ಕಾಲ ಏನೂ ಇರಲಿಲ್ಲ. ಒಮ್ಮೆ ಈಳಿಗೆಮಣೆಯಲ್ಲಿ ಹಲಸಿನಕಾಯಿ ಹೆಚ್ಚುವಾಗ ಬೆರಳಿಗೆ ಸಣ್ಣ ಗಾಯವಾಯಿತು, ಅರಿಸಿನ ಹಚ್ಚಿ ಸುಮ್ಮನಾದೆ. ರಾತ್ರಿಯೊಳಗೆ ಚಳಿಜ್ವರ ಬಂದು, ಮುಂಗೈಯಿಂದ ಭುಜದವರೆಗೆ ಚರ್ಮ ಕೆಂಪೇರಿ ಬಿಸಿಯಾಯಿತು. ಸೋಂಕು ಆಂಟಿಬಯಾಟಿಕ್‌ನಿಂದ ಇಳಿಯಿತು, ಬಾವು ಇಳಿಯಲಿಲ್ಲ. ಎಡಗೈಗೆ ಸಲೀಸಾಗಿ ಏರುವ ಬಳೆ ಬಲಗೈಯ ಗೆಣ್ಣಿನಲ್ಲೇ ನಿಂತುಬಿಡುತ್ತದೆ. ರವಿಕೆಯ ಒಂದು ತೋಳನ್ನು ಬೇರೆ ಅಳತೆಯಲ್ಲಿ ಹೊಲಿಸುತ್ತೇನೆ. ಬೆಳಿಗ್ಗೆ ಎದ್ದ ಕೂಡಲೇ ಬಿಗಿಯಾದ ಕಂಪ್ರೆಷನ್ ತೋಳುಚೀಲ ಹಾಕಬೇಕು, ಬೇಸಿಗೆಯಲ್ಲಿ ಅದರ ಕಾಟ ಹೇಳತೀರದು.

ಎಲ್ಲರಿಗೂ ಹೀಗಾಗುವುದಿಲ್ಲ. ಪೂರ್ಣ ಶಸ್ತ್ರಚಿಕಿತ್ಸೆಯಾದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ, ಸೆಂಟಿನೆಲ್ ಗ್ರಂಥಿಗಳನ್ನು ಮಾತ್ರ ತೆಗೆದವರಲ್ಲಿ ನೂರಕ್ಕೆ ಐದಾರು ಮಂದಿಗೆ ಬಾವು ಬರುತ್ತದೆ ಎಂದು ನನ್ನ ಫಿಸಿಯೊಥೆರಪಿಸ್ಟ್ ಹೇಳಿದ್ದರು. ನಿಮ್ಮ ತಾಯಿಯ ಅಪಾಯ ಕಡಿಮೆ, ಆದರೆ ಸೊನ್ನೆಯಲ್ಲ. ಕೈಗೆ ಗಾಯವಾದರೆ ಸೋಪಿನಿಂದ ತೊಳೆದು ಔಷಧ ಹಚ್ಚಲಿ. ಕೆಂಪು ಹರಡಿದರೆ ಅಥವಾ ಜ್ವರ ಬಂದರೆ ಅದೇ ದಿನ ವೈದ್ಯರನ್ನು ಕಾಣಲಿ. ತೂಕ ಹೆಚ್ಚದಂತೆ ನೋಡಿಕೊಳ್ಳಲಿ. ಆ ಕೈಯನ್ನು ಬಳಸಲೇಬಾರದು ಎಂದು ಯಾರಾದರೂ ಹೆದರಿಸಿದರೆ ಕೇಳಬೇಡಿ. ಭಾರವನ್ನು ನಿಧಾನವಾಗಿ ಏರಿಸುತ್ತ ಹೋಗುವ ವ್ಯಾಯಾಮದಿಂದ ಬಾವು ಹೆಚ್ಚುವುದಿಲ್ಲ ಎಂದು 2009ರಲ್ಲೇ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ನಾನು ಕೊಡಪಾನ ಎತ್ತುವುದನ್ನು ಎಷ್ಟೋ ವರ್ಷ ಬಿಟ್ಟಿದ್ದೆ, ಈಗ ಎತ್ತುತ್ತೇನೆ.

ಪ್ರಶ್ನೆ ಕೇಳಿದವರು – ಮಲೆನಾಡಿನ ಮಗಳು

ಇಬ್ಬರಿಗೂ ಹೃದಯಪೂರ್ವಕ ಧನ್ಯವಾದಗಳು. ಅಮ್ಮನಿಗೆ ಓದಿ ಹೇಳಿದೆ. ಅವರದು ಇನ್ನೊಂದು ಸಂಕಟ. ವಿಕಿರಣ ಚಿಕಿತ್ಸೆಗೆ ವಾರಗಟ್ಟಲೆ ಊರು ಬಿಟ್ಟು ಇರಬೇಕಾಗುತ್ತದೆ. ಅಡಿಕೆ ಕೊಯ್ಲಿನ ಕಾಲ ಬೇರೆ. ಮಾತ್ರೆ ತೆಗೆದುಕೊಳ್ಳುತ್ತೇನಲ್ಲ, ವಿಕಿರಣ ಬಿಟ್ಟರೆ ಆಗದೇ ಎನ್ನುತ್ತಿದ್ದಾರೆ. ಮುಂದೆ ರೋಗ ಮರುಕಳಿಸಿದರೆ ನಮಗೆ ಹೇಗೆ ತಿಳಿಯುತ್ತದೆ ಎಂಬುದನ್ನೂ ದಯವಿಟ್ಟು ತಿಳಿಸಿ. ವರ್ಷಕ್ಕೊಮ್ಮೆ ಪೆಟ್ ಸ್ಕ್ಯಾನ್ ಮಾಡಿಸಬೇಕೇ?

ಉತ್ತರ – ವಿಕಿರಣ ಚಿಕಿತ್ಸಾ ತಜ್ಞೆ

ವಿಕಿರಣವನ್ನು ಬಿಡುವಂತಿಲ್ಲ. ಮೇಲೆ ಶಸ್ತ್ರಚಿಕಿತ್ಸಕರು ಹೇಳಿದ ಭರವಸೆಯೆಲ್ಲ ನಿಂತಿರುವುದು ಅದರ ಮೇಲೆಯೇ. ಜ಼ೆಡ್-0011ರಲ್ಲಿ ಉಳಿದ ಗ್ರಂಥಿಗಳ ರೋಗ ತಾನಾಗಿ ಮಾಯವಾಗಲಿಲ್ಲ. ಸ್ತನಕ್ಕೆ ಕೊಡುವ ವಿಕಿರಣ ಕಂಕುಳಿನ ಕೆಳಭಾಗವನ್ನೂ ಸಾಕಷ್ಟು ತಲುಪುತ್ತದೆ. ಆ ಅಧ್ಯಯನದ ವಿಕಿರಣ ದಾಖಲೆಗಳನ್ನು ಮುಂದೆ ಪರಿಶೀಲಿಸಿದಾಗ, ಪೂರ್ಣ ವಿವರ ಸಿಕ್ಕ ರೋಗಿಗಳಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ, ನಿಯಮದಲ್ಲಿ ಇಲ್ಲದಿದ್ದರೂ, ಗ್ರಂಥಿಗಳಿಗೆಂದೇ ಪ್ರತ್ಯೇಕವಾಗಿ ವಿಕಿರಣ ಕೊಟ್ಟಿದ್ದು ಕಂಡುಬಂತು. ಸೆನೊಮ್ಯಾಕ್‌ನಲ್ಲಂತೂ ಬಹುಪಾಲು ರೋಗಿಗಳು ಗ್ರಂಥಿಗಳಿಗೆ ವಿಕಿರಣ ಪಡೆದಿದ್ದರು. ಯುರೋಪಿನ ಅಮರೋಸ್ ಅಧ್ಯಯನ ಇದನ್ನು ನೇರವಾಗಿ ಹೋಲಿಸಿತು. ಸೆಂಟಿನೆಲ್ ಗ್ರಂಥಿಯಲ್ಲಿ ರೋಗವಿದ್ದವರಲ್ಲಿ ಕಂಕುಳಿಗೆ ಶಸ್ತ್ರಚಿಕಿತ್ಸೆಯಾದವರ ಪೈಕಿ ಹತ್ತು ವರ್ಷಗಳಲ್ಲಿ ಅಲ್ಲಿ ಮರುಕಳಿಸಿದ್ದು 0.93 ಶೇಕಡಾ, ವಿಕಿರಣ ಪಡೆದವರಲ್ಲಿ 1.82 ಶೇಕಡಾ. ಕೈ ಬಾವು ಐದನೆಯ ವರ್ಷದಲ್ಲಿ ಶಸ್ತ್ರಚಿಕಿತ್ಸೆಯಾದವರಲ್ಲಿ 23 ಶೇಕಡಾ ಇದ್ದರೆ ವಿಕಿರಣ ಪಡೆದವರಲ್ಲಿ 11 ಶೇಕಡಾ ಇತ್ತು. ಶಸ್ತ್ರಚಿಕಿತ್ಸೆಯನ್ನೂ ಬಿಟ್ಟು ವಿಕಿರಣವನ್ನೂ ಬಿಟ್ಟರೆ ನಿಮ್ಮ ತಾಯಿ ಈ ಯಾವ ಅಧ್ಯಯನದ ನೆರಳಿಗೂ ಬರುವುದಿಲ್ಲ.

ಕೊಯ್ಲಿನ ವಿಷಯದಲ್ಲಿ ಒಂದು ಸಮಾಧಾನವಿದೆ. ಹಿಂದೆ ಐದಾರು ವಾರ ಹಿಡಿಯುತ್ತಿದ್ದ ಚಿಕಿತ್ಸೆಯನ್ನು ಈಗ ಹೆಚ್ಚಿನ ಕಡೆ 15 ಅಥವಾ 16 ಸರದಿಗಳಲ್ಲಿ, ಸುಮಾರು ಮೂರು ವಾರಗಳಲ್ಲಿ ಮುಗಿಸುತ್ತೇವೆ. ಗಂಟಿದ್ದ ಜಾಗಕ್ಕೆ ಹೆಚ್ಚುವರಿ ಪ್ರಮಾಣ ಬೇಕಾದರೆ ಇನ್ನು ಕೆಲವು ದಿನ ಸೇರಬಹುದು. ಹೊರಗೆ ಉಳಿದುಕೊಳ್ಳಲು ಆಸ್ಪತ್ರೆಯ ಸಮೀಪ ಧರ್ಮಶಾಲೆಯ ವ್ಯವಸ್ಥೆ ಇದೆಯೇ ಎಂದು ಅಲ್ಲಿನ ಸಮಾಜ ಕಾರ್ಯಕರ್ತರನ್ನು ಕೇಳಿ. ವಿಕಿರಣ ತಜ್ಞರ ಮೊದಲ ಭೇಟಿಯಲ್ಲಿ ಪೆಥಾಲಜಿ ವರದಿಯ ಪೂರ್ಣ ಪ್ರತಿಯನ್ನು ಕೊಟ್ಟು, ಕಂಕುಳಿನ ಯಾವ ಭಾಗದವರೆಗೆ ವಿಕಿರಣ ಕೊಡುತ್ತೀರಿ ಎಂದು ನೇರವಾಗಿ ಕೇಳಿ. ಸ್ತನದ ಒಂದು ಭಾಗಕ್ಕೆ ಮಾತ್ರ ಕೊಡುವ ವಿಧಾನ ಗ್ರಂಥಿಯಲ್ಲಿ ರೋಗವಿದ್ದು ಕಂಕುಳನ್ನು ಬಿಟ್ಟವರಿಗೆ ಸಲ್ಲುವುದಿಲ್ಲ.

ಮರುಕಳಿಸುವಿಕೆಯ ಬಗ್ಗೆ ಹೇಳುವುದಾದರೆ, ಹಾರ್ಮೋನ್ ರಿಸೆಪ್ಟರ್ ಇರುವ ಕ್ಯಾನ್ಸರಿನಲ್ಲಿ ನಾವು ಹೆಚ್ಚು ಯೋಚಿಸುವುದು ಕಂಕುಳಿನ ಬಗ್ಗೆ ಅಲ್ಲ. ಮೂಳೆ, ಯಕೃತ್ತು, ಶ್ವಾಸಕೋಶಗಳ ಬಗ್ಗೆ. ಐದು ವರ್ಷ ಮಾತ್ರೆ ಮುಗಿಸಿ ರೋಗಮುಕ್ತರಾಗಿದ್ದವರನ್ನೂ ಇಪ್ಪತ್ತನೆಯ ವರ್ಷದವರೆಗೆ ಗಮನಿಸಿದ 2017ರ ದೊಡ್ಡ ವಿಶ್ಲೇಷಣೆಯಲ್ಲಿ, 2ರಿಂದ 5 ಸೆಂಟಿಮೀಟರ್ ಗೆಡ್ಡೆಯಿದ್ದು ಒಂದರಿಂದ ಮೂರು ಗ್ರಂಥಿಗಳಲ್ಲಿ ರೋಗವಿದ್ದವರ ಪೈಕಿ ಸುಮಾರು 26 ಶೇಕಡಾ ಮಂದಿಗೆ ಆ ಹದಿನೈದು ವರ್ಷಗಳ ಅವಧಿಯಲ್ಲಿ ದೂರದ ಅಂಗಗಳಲ್ಲಿ ರೋಗ ಕಾಣಿಸಿತ್ತು. ಅವರೆಲ್ಲ ಹಳೆಯ ಕಾಲದ ಚಿಕಿತ್ಸೆ ಪಡೆದವರು, ಇಂದಿನ ಔಷಧಗಳು ಉತ್ತಮವಾಗಿವೆ. ಹೆದರಿಸಲು ಇದನ್ನು ಹೇಳುತ್ತಿಲ್ಲ. ಈ ಅಪಾಯವನ್ನು ಕಡಿಮೆ ಮಾಡುವುದು ದಿನವೂ ನುಂಗುವ ಮಾತ್ರೆಯೇ ಹೊರತು ಕಂಕುಳಿನಲ್ಲಿ ಆಡಿಸುವ ಕತ್ತಿಯಲ್ಲ. ಕೀಲುನೋವು ಬಂತೆಂದು ಎಷ್ಟೋ ಮಹಿಳೆಯರು ಮಾತ್ರೆಯನ್ನು ಯಾರಿಗೂ ಹೇಳದೆ ನಿಲ್ಲಿಸಿಬಿಡುತ್ತಾರೆ. ನಿಲ್ಲಿಸುವ ಬದಲು ವೈದ್ಯರಿಗೆ ತಿಳಿಸಿದರೆ ಮಾತ್ರೆಯನ್ನು ಬದಲಿಸಲು ಅವಕಾಶವಿದೆ.

ರೋಗಲಕ್ಷಣವಿಲ್ಲದವರಿಗೆ ವರ್ಷವರ್ಷ ಪೆಟ್ ಸ್ಕ್ಯಾನ್ ಬೇಕಿಲ್ಲ. ಸ್ಕ್ಯಾನು, ರಕ್ತಪರೀಕ್ಷೆಗಳನ್ನು ಪದೇ ಪದೇ ಮಾಡಿದರೆ ಆಯುಷ್ಯ ಹೆಚ್ಚುವುದಿಲ್ಲ ಎಂದು 1994ರಲ್ಲೇ ಇಟಲಿಯ ಎರಡು ಅಧ್ಯಯನಗಳು ತೋರಿಸಿವೆ. ಮೊದಲ ವರ್ಷಗಳಲ್ಲಿ ಮೂರರಿಂದ ಆರು ತಿಂಗಳಿಗೊಮ್ಮೆ ವೈದ್ಯರ ಪರೀಕ್ಷೆ, ವರ್ಷಕ್ಕೊಮ್ಮೆ ಮ್ಯಾಮೊಗ್ರಾಂ ಇರಲಿ. ಕಂಕುಳಿನಲ್ಲಾಗಲಿ ಕೊರಳೆಲುಬಿನ ಮೇಲಾಗಲಿ ಹೊಸ ಗಂಟು, ಇದ್ದಕ್ಕಿದ್ದಂತೆ ಕೈ ಊದುವುದು, ವಾರಗಟ್ಟಲೆ ಬಿಡದ ಬೆನ್ನುನೋವು, ಕೆಮ್ಮು, ಕಾರಣವಿಲ್ಲದೆ ತೂಕ ಇಳಿಯುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಮುಂದಿನ ದಿನಾಂಕಕ್ಕಾಗಿ ಕಾಯದೆ ಹೋಗಿ ತೋರಿಸಿ. ಒಂದು ವೇಳೆ ರೋಗ ಕಂಕುಳಿನಲ್ಲಿ ಮಾತ್ರ ಮರಳಿದರೆ ಆಗ ಶಸ್ತ್ರಚಿಕಿತ್ಸೆ ಮಾಡಲು ಅವಕಾಶ ಇದ್ದೇ ಇರುತ್ತದೆ.

ಪ್ರಶ್ನೆ – ದಾವಣಗೆರೆಯ ಸದಸ್ಯ

ಇದೇ ಎಳೆಯಲ್ಲಿ ಕೇಳುತ್ತಿರುವುದಕ್ಕೆ ಕ್ಷಮಿಸಿ. ನನ್ನ ಅಕ್ಕನಿಗೆ ಕಂಕುಳಿನ ಗ್ರಂಥಿಯಲ್ಲಿ ಕ್ಯಾನ್ಸರ್ ಇದೆ ಎಂದು ಸೂಜಿ ಪರೀಕ್ಷೆಯಲ್ಲೇ ತಿಳಿದದ್ದರಿಂದ ಮೊದಲು ಕೀಮೊಥೆರಪಿ ಆರಂಭಿಸಿದ್ದಾರೆ. ಒಂದು ಸುತ್ತು ಮುಗಿದಿದೆ. ಆಮೇಲೆ ಕಂಕುಳನ್ನು ಪೂರ್ತಿ ತೆಗೆಯುತ್ತೇವೆ ಎನ್ನುತ್ತಾರೆ. ಮೇಲಿನ ಮಾತು ಅವಳಿಗೂ ಅನ್ವಯಿಸುತ್ತದೆಯೇ?

ಉತ್ತರ – ಕ್ಯಾನ್ಸರ್ ಶಸ್ತ್ರಚಿಕಿತ್ಸಕ, ಹುಬ್ಬಳ್ಳಿ

ನೇರವಾಗಿ ಅನ್ವಯಿಸುವುದಿಲ್ಲ. ಜ಼ೆಡ್-0011ರಲ್ಲಿದ್ದವರು ಮೊದಲು ಶಸ್ತ್ರಚಿಕಿತ್ಸೆ ಪಡೆದವರು, ಅವರ ಕಂಕುಳಿನಲ್ಲಿ ಗಂಟು ಕೈಗೆ ಸಿಗುತ್ತಿರಲಿಲ್ಲ. ನಿಮ್ಮ ಅಕ್ಕನ ವಿಷಯದಲ್ಲಿ ಕೀಮೊಥೆರಪಿಗೆ ಗ್ರಂಥಿಗಳು ಹೇಗೆ ಸ್ಪಂದಿಸುತ್ತವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಗ್ರಂಥಿಗಳು ಪೂರ್ತಿ ಶುದ್ಧವಾದಂತೆ ಕಂಡರೆ ಕೆಲವನ್ನು ಮಾತ್ರ ತೆಗೆದು ನೋಡುವ ಮಾರ್ಗವಿದೆ. ಆದರೆ ಕೀಮೊಥೆರಪಿಯ ನಂತರ ದುಗ್ಧನಾಳಗಳ ಹರಿವು ಬದಲಾಗಿರಬಹುದಾದ್ದರಿಂದ ರೋಗ ಉಳಿದಿದ್ದರೂ ಸೆಂಟಿನೆಲ್ ಪರೀಕ್ಷೆ ಅದನ್ನು ತಪ್ಪಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಜ಼ೆಡ್-1071 ಎಂಬ ಅಧ್ಯಯನದಲ್ಲಿ ಹಾಗೆ ತಪ್ಪಿದ ಪ್ರಮಾಣ 12.6 ಶೇಕಡಾ ಇತ್ತು. ಎರಡು ಬಗೆಯ ಪತ್ತೆ ದ್ರಾವಣ ಬಳಸಿ, ಮೂರು ಅಥವಾ ಹೆಚ್ಚು ಗ್ರಂಥಿಗಳನ್ನು ತೆಗೆದಾಗ ಅದು ಕಡಿಮೆಯಾಯಿತು. ಸೂಜಿ ಪರೀಕ್ಷೆಯಲ್ಲಿ ರೋಗ ಸಿಕ್ಕ ಗ್ರಂಥಿಗೆ ಸಣ್ಣ ಲೋಹದ ಕ್ಲಿಪ್ ಹಾಕಿಟ್ಟು, ಮುಂದೆ ಅದೇ ಗ್ರಂಥಿಯನ್ನೂ ಸೆಂಟಿನೆಲ್ ಗ್ರಂಥಿಗಳ ಜೊತೆಗೆ ಹುಡುಕಿ ತೆಗೆದಾಗ ಅಮೆರಿಕದ ಹ್ಯೂಸ್ಟನ್‌ನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದಲ್ಲಿ ತಪ್ಪಿದ ಪ್ರಮಾಣ 2 ಶೇಕಡಾಕ್ಕೆ ಇಳಿದಿತ್ತು.

ತೆಗೆದ ಗ್ರಂಥಿಯಲ್ಲಿ ಕ್ಯಾನ್ಸರ್ ಇನ್ನೂ ಉಳಿದಿದ್ದರೆ, ಔಷಧಕ್ಕೆ ಬಗ್ಗದ ರೋಗವೆಂದು ಭಾವಿಸಿ ಪೂರ್ಣ ಶಸ್ತ್ರಚಿಕಿತ್ಸೆ ಮಾಡುವುದೇ ರೂಢಿ. ಗ್ರಂಥಿಗಳು ಮೊದಲೇ ಅಂಟಿಕೊಂಡು ದೊಡ್ಡದಾಗಿದ್ದರೂ ಅದೇ ಸರಿ. ಆಕೆಯ ಗ್ರಂಥಿಗೆ ಕ್ಲಿಪ್ ಹಾಕಿದ್ದಾರೆಯೇ ಎಂದು ಈ ವಾರವೇ ಕೇಳಿ. ಹಾಕಿರದಿದ್ದರೆ, ಒಂದೇ ಸುತ್ತು ಮುಗಿದಿರುವುದರಿಂದ ಆ ಗ್ರಂಥಿ ಇನ್ನೂ ಅಲ್ಟ್ರಾಸೌಂಡಿನಲ್ಲಿ ಕಾಣುತ್ತಿರುವ ಸಾಧ್ಯತೆಯಿದೆ, ಈಗಲೂ ಹಾಕಬಹುದು. ಎಲ್ಲ ಸುತ್ತುಗಳು ಮುಗಿದು ಗ್ರಂಥಿ ಕುಗ್ಗಿದ ಮೇಲೆ ಅದು ಯಾವುದಿತ್ತು ಎಂದು ಗುರುತಿಸುವುದು ಕಷ್ಟ.